ರನ್‌ವೇ ಖಾಲಿಯಾಗುವ ತನಕ

ನೆಲದ ಟೈಲ್ಸ್ ನಡುವಿನ ಗೆರೆಯೇ ರನ್‌ವೇ, ಅವರೆಕಾಳುಗಳೇ ವಿಮಾನ. ದಿಲ್ಶಾದ್ ಕಾಯಿ ಸುಲಿಯುತ್ತಲೇ ಮಗಳಿಗೆ ಕಂಟ್ರೋಲ್ ಟವರ್ ಆಗಿದ್ದಳು. ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿತು ದೊಡ್ಡಬಳ್ಳಾಪುರಕ್ಕೆ ಮರಳಿದ್ದ ತಂಜೀಲಾಳಿಗೆ ಮರುದಿನ, ಟವರ್ ಜೊತೆ ಮಾತಾಡುವ ಇಲ್ಲಿನ ರೇಡಿಯೋ ಪರೀಕ್ಷೆ. ಅದು ಪಾಸಾಗದೆ ಇಲ್ಲಿ ಕೆಲಸ ಸಿಗುವಂತಿರಲಿಲ್ಲ.

ಗೆರೆಯ ಮೇಲೆ ಒಂದು ಕಾಳು ಇನ್ನೂ ಕೂತಿತ್ತು. ತಂಜೀಲಾ ತನ್ನ ಕಾಳನ್ನೂ ಇಳಿಸಿಯೇಬಿಟ್ಟಳು.

"ಇಳಿ ಅಂದ್ನೇನೇ ನಾನು? ಮುಂದೆ ಇನ್ನೊಬ್ಬ ಕೂತವ್ನಲ್ಲ!"

"ಅಮೆರಿಕದಲ್ಲಿ ಹಂಗೇ ಅಮ್ಮೀ. ಮುಂದೆ ಇಬ್ಬರಿದ್ರೂ 'ನೀನು ಮೂರನೆಯವಳು, ಇಳಿ' ಅಂತ ದೂರದಲ್ಲೇ ಅಪ್ಪಣೆ ಕೊಟ್ಬಿಡ್ತಾರೆ. ನಾವು ಬರೋ ಹೊತ್ಗೆ ಅವರು ಸರಿದಿರ್ತಾರೆ ಅನ್ನೋ ನಂಬಿಕೆ. ಬ್ರಿಟಿಷರು ಹಂಗಲ್ಲ. ರನ್‌ವೇ ಖಾಲಿಯಾಗೋ ತನಕ 'ಬರ್ತಾ ಇರು' ಅಂತಾರೆ ಅಷ್ಟೆ. ಇಲ್ಲೂ ಹೆಚ್ಚುಕಮ್ಮಿ ಅದೇ. ನಂಗೆ ಹಳೇ ಅಭ್ಯಾಸ ಬಿಡ್ತಿಲ್ಲ."

"ಖಾಲಿಯಾಗ್ಲೇ ಇಲ್ಲ ಅಂದ್ರೆ?"

"ಮೇಲೆದ್ದು, ಒಂದು ಸುತ್ತು ಹೊಡ್ಕೊಂಡು ಮತ್ತೆ ಬರ್ಬೇಕು."

ಅಷ್ಟರಲ್ಲಿ ಸರ್ದಾರ್ ಪಾಷಾ ಬಂದರು. ದಿಲ್ಶಾದಳ ಗಂಡ ತೀರಿಕೊಂಡ ಮೇಲೆ ಈ ಮನೆಯ ಪರವಾಗಿ ಮಾತಾಡುತ್ತಿದ್ದವರು ಈ ಭಾವನೇ.

"ಹೊಸಕೋಟೆಯವರು ನಾಳೆ ಬೆಳಿಗ್ಗೆ ಹುಡುಗೀನ ನೋಡೋಕೆ ಬರ್ತಾರೆ. ಹೂಂ ಅಂದ್ಬಿಟ್ಟಿದ್ದೀನಿ."

"ನಾಳೆ ಪರೀಕ್ಷೆ, ಬಡೇಅಬ್ಬಾ."

"ಮುಂದಿನ ಸಲ ಬರಿಯಮ್ಮಾ. ಈಗ ಮಾತು ಕೊಟ್ಟಿರೋಣ. ನಿಕಾಹ್ ಹೊತ್ಗೆ ನಿನ್ನ ಪರೀಕ್ಷೆ ಎಲ್ಲ ಮುಗಿದಿರುತ್ತೆ."

ದಿಲ್ಶಾದಳ ಕೈ ನಿಂತಿತು. ಅವಳ ಪಿಯುಸಿ ಪರೀಕ್ಷೆಗೆ ಮುಂಚೆ ಅವಳ ಅಬ್ಬಾ ಆಡಿದ್ದೂ ಇದೇ ಮಾತು. ಓದಬೇಡ ಎಂದು ಯಾರೂ ಅನ್ನಲಿಲ್ಲ. ಮದುವೆ, ಬಾಣಂತನ, ಅತ್ತೆಯ ಕಾಯಿಲೆ, ಒಂದು ಸರಿಯುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತಿತ್ತು. ಮುಂದಿರುವುದು ತಾನೇ ಸರಿಯುತ್ತದೆ ಎಂದು ಅವಳೂ ನಂಬಿದ್ದಳು.

ಸೆರಗಿನ ಸಿಪ್ಪೆ ಕೊಡವಿ ಎದ್ದಳು.

"ಬರ್ಬೇಡಿ ಅನ್ನಿ, ಭಾಯ್‌ಜಾನ್."

"ಏನಮ್ಮಾ ಇದು! ಮಾತು ಕೊಟ್ಟಾಗಿದೆ."

"ಕೊಟ್ಟೋರು ನೀವು. ನೀವೇ ವಾಪಸ್ ತಗೊಳ್ಳಿ."

"ಇಂಥ ಸಂಬಂಧ ಮತ್ತೆ ಬರುತ್ತಾ?"

"ಒಂದು ಸುತ್ತು ಹೊಡ್ಕೊಂಡು ಬರ್ಲಿ. ಅಷ್ಟು ತಾಳ್ಮೆ ಇಲ್ದಿದ್ರೆ ಬೇರೆ ಊರಲ್ಲಿ ಇಳೀಲಿ."

ತಂಜೀಲಾ ತುಟಿ ಕಚ್ಚಿ ನಗು ತಡೆದಳು. ಸರ್ದಾರ್ ಪಾಷಾಗೆ ಆ ಮಾತು ಅರ್ಥವಾಗಲಿಲ್ಲ. ತಮ್ಮನ ಹೆಂಡತಿ ಮೊದಲ ಸಲ ತಲೆ ತಗ್ಗಿಸದೆ ಎದುರು ನಿಂತಿದ್ದಾಳೆ ಎಂಬುದು ಮಾತ್ರ ಅರ್ಥವಾಯಿತು.

"ತಾಯಿ ಮಗಳು ಏನಾದ್ರೂ ಮಾಡ್ಕೊಳ್ಳಿ. ನಾಳೆ ಕಷ್ಟ ಅಂತ ನನ್ನ ಕರೀಬೇಡಿ," ಎಂದು ಚಪ್ಪಲಿ ಮೆಟ್ಟಿದರು. ಪಕ್ಕದ ಮನೆಯ ಮಗ್ಗಗಳ ಗದ್ದಲದಲ್ಲಿ ಅವರ ಸ್ಕೂಟರಿನ ಸದ್ದು ಕೇಳಿಸಲೂ ಇಲ್ಲ.

ದಿಲ್ಶಾದ್ ಮತ್ತೆ ಗೆರೆಯ ಪಕ್ಕ ಕಾಲು ಮಡಚಿ ಕೂತಳು.

"ಹೂಂ, ಮೊದಲಿಂದ ಶುರು ಮಾಡು."

ತಂಜೀಲಾಳ ಕಾಳು ಗೆರೆಯ ಹತ್ತಿರ ಬಂತು. ಮುಂದಿನ ಕಾಳು ಅಲ್ಲೇ ಇತ್ತು.

"ಬರ್ತಾ ಇರು," ಎಂದಳು ದಿಲ್ಶಾದ್, ಆ ಕಾಳನ್ನು ಮುಟ್ಟದೆ.

ಈ ಸಲ ತಂಜೀಲಾ ಇಳಿಸಲಿಲ್ಲ. ಕಾಳನ್ನೆತ್ತಿ, ಅಮ್ಮಿಯ ತಲೆಯ ಮೇಲಿಂದ ದೊಡ್ಡದೊಂದು ಸುತ್ತು ಹೊಡೆಸಿದಳು.