ಫಕ್ಕೀರಪ್ಪನ ತಲೆ ಮೇಲಿನ ಪಂಜರ

ನಾನು ಒಂದು ಕಬ್ಬಿಣದ ಪಂಜರ. ಗಿಳಿ ಸಾಕುವ ಪಂಜರ ಎಂದುಕೊಂಡೀರಿ, ಜೋಕೆ. ಕಾಡಿನಲ್ಲಿ ದಿಮ್ಮಿ ಎಳೆಯುವ ಟ್ರ್ಯಾಕ್ಟರಿನ ಮೇಲೆ, ಮರದ ಕೊಂಬೆ ಡ್ರೈವರನ ತಲೆಗೆ ಬೀಳದಂತೆ ಕಾದು ನಿಂತವನು ನಾನು. ನಾಲ್ಕು ಕಂಬ, ಮೇಲೆ ಐದು ಪಟ್ಟಿ, ಹಿಂದೆ ಮತ್ತು ಬಲಕ್ಕೆ ಸರಳುಗಳು, ಹತ್ತಿ ಇಳಿಯಲು ಎಡಗಡೆ ಖಾಲಿ. ನನ್ನನ್ನು ಕಂಡರೆ ಆನೆಗಳು ದಾರಿ ಬಿಡುತ್ತಿದ್ದವು. ಆ ಕಾಡಿನಲ್ಲಿ ಆನೆಯೇ ಇರಲಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ದಾರಿ ಬಿಟ್ಟು ಹೋದದ್ದಕ್ಕೇ ಇರಲಿಲ್ಲ ಎಂದು ತಿಳಿಯಿರಿ.

ನಾನು ಹುಟ್ಟಿದ್ದು ಕಲಘಟಗಿ ರಸ್ತೆಯ ಖಾದರಸಾಬನ ವೆಲ್ಡಿಂಗ್ ಅಂಗಡಿಯಲ್ಲಿ. ನನ್ನ ಕಬ್ಬಿಣ ಸಮುದ್ರದಲ್ಲಿ ತೇಲಿದ ಹಡಗಿನದು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅಸಲಿಗೆ ಅದು ತಡಸದ ತಿರುವಿನಲ್ಲಿ ಉರುಳಿದ್ದ ಲಾರಿಯೊಂದರ ಚಾಸಿ. ನನ್ನನ್ನು ಬೆಸೆಯುವಾಗ ಎದ್ದ ಕಿಡಿಗಳ ಬೆಳಕಿಗೆ ಮಟಮಟ ಮಧ್ಯಾಹ್ನ ಊರಿನ ಹುಂಜಗಳೆಲ್ಲ ಕೂಗಿದವು. ಇದು ಮಾತ್ರ ಖರೆ. ಬೇಕಾದರೆ ಹುಂಜಗಳನ್ನು ಕೇಳಿ.

ನನ್ನನ್ನು ಮಾಡಿಸಿದವಳು ದ್ಯಾಮವ್ವ. ಅವಳ ಗಂಡ ಫಕ್ಕೀರಪ್ಪ ಸಾಗುವಾನಿ ತೋಪಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು. ಫಕ್ಕೀರಪ್ಪನ ಅಣ್ಣ ಹನುಮಂತನೂ ಅದೇ ಕೆಲಸದಲ್ಲಿದ್ದ. ಹಿಂದಿನ ವರ್ಷ ಮೇಲೆ ಕೊಂಬೆ ಲಟಕ್ ಎಂದಿತ್ತು. ಹನುಮಂತ ಟ್ರ್ಯಾಕ್ಟರಿನಿಂದ ಎಡಕ್ಕೆ ಹಾರಿದ. ಕೊಂಬೆಯೂ ಎಡಕ್ಕೇ ಬಂದಿತು. ಟ್ರ್ಯಾಕ್ಟರಿನ ಸೀಟಿಗೆ ಒಂದು ಎಲೆಯೂ ತಾಗಿರಲಿಲ್ಲವಂತೆ.

ಗುತ್ತಿಗೆದಾರ ಹಳೇ ಗಾಡಿಗೆ ಹೊಸ ಖರ್ಚು ಯಾಕೆ ಎಂದು ರಾಗ ಎಳೆದ. ತಲೆ ಮೇಲೆ ಮರೆಯಿಲ್ಲದ ಟ್ರ್ಯಾಕ್ಟರು ಹೊರಟರೆ ಮುಂದಿನ ಗಾಲಿಗೆ ಅಡ್ಡ ಮಲಗುತ್ತೇನೆ ಎಂದು ದ್ಯಾಮವ್ವ ಹೇಳಿದಳು. ಹೇಳಿದ್ದಷ್ಟೇ ಅಲ್ಲ, ಕಂಬಳಿ ಹಾಸಿ ಮಲಗಿಯೂಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಗುತ್ತಿಗೆದಾರನಿಗೆ ಖಾದರಸಾಬನ ಅಂಗಡಿಯ ದಾರಿ ನೆನಪಾಯಿತು.

ಖಾದರಸಾಬ ನಾಲ್ಕು ಬೋಲ್ಟು ಬಿಗಿದು ನನ್ನನ್ನು ಟ್ರ್ಯಾಕ್ಟರಿಗೆ ಸೇರಿಸಿದ. ಅಂದಿನಿಂದ ನಾನು ಅದರ ಖೈದಿ. ಅದು ಹೋದಲ್ಲಿ ಹೋಗಬೇಕು, ಕೆಸರಲ್ಲಿ ಹೂತರೆ ಹೂತಿರಬೇಕು. ಹಳೇ ಜೀಪಿನ ಒಂದು ಬೆಲ್ಟನ್ನೂ ಸೀಟಿಗೆ ಹಾಕಿಕೊಟ್ಟು ಅವನು ಫಕ್ಕೀರಪ್ಪನಿಗೆ ಹೇಳಿದ: “ಇದು ಒಳಗ ಕುಂತಾವನ್ನ ಅಷ್ಟ ಕಾಯತೈತಿ. ಹೊರಗ ಹಾರಿದಾವನ ಜವಾಬ್ದಾರಿ ಇದರದಲ್ಲ.”

ಫಕ್ಕೀರಪ್ಪ ತಲೆ ಆಡಿಸಿದ. ಬೆಲ್ಟಿನಿಂದ ತನ್ನ ಬುತ್ತಿ ಡಬ್ಬಿಯನ್ನು ಭದ್ರವಾಗಿ ಕಟ್ಟಿಕೊಂಡ.

ಅವನ ತಪ್ಪಲ್ಲ. ಆ ತೋಪಿನ ಜನಕ್ಕೆಲ್ಲ ಒಂದೇ ಪಾಠ ಗೊತ್ತಿತ್ತು: ಮೇಲೆ ಸದ್ದಾದರೆ ಹಾರು. ಯಾರಾದರೂ “ಹಾರ್ಲೇ” ಎಂದರೆ ಚಾ ಕುಡಿಯುತ್ತ ಕುಂತವರೂ ಕಪ್ಪು ಬಿಸಾಕಿ ಹಾರುತ್ತಿದ್ದರು. ಹನುಮಂತ ಸತ್ತದ್ದು ಹಾರಿದ್ದಕ್ಕೆ ಎಂದು ಒಬ್ಬರಿಗೂ ತೋಚಲಿಲ್ಲ. ತಡವಾಗಿ ಹಾರಿದ, ಅದಕ್ಕೇ ಸತ್ತ ಎಂದು ಎಲ್ಲರೂ ನಂಬಿದ್ದರು. ಆದ್ದರಿಂದ ಫಕ್ಕೀರಪ್ಪ ಅಣ್ಣನಿಗಿಂತ ಚುರುಕಾಗಿ ಹಾರುವುದನ್ನು ಕಲಿತ. ಸೀಟಿನ ತುದಿಯಲ್ಲಿ ಕೂರುತ್ತಿದ್ದ. ಎಡಗಾಲು ಯಾವಾಗಲೂ ನನ್ನಿಂದ ಹೊರಗೆ.

ಅವನಿಗೆ ನನ್ನೊಳಗೆ ಉಸಿರು ಕಟ್ಟುತ್ತಿತ್ತು. ಗರಗಸದ ವಿಠೋಬ ಬೆಳಗಾದರೆ ಬಂದು, ಕೋಳಿಗೂಡಿನಾಗಿನ ಹುಂಜ ಇವತ್ತು ಕೂಗೇತೇನು ಎಂದು ವಿಚಾರಿಸುತ್ತಿದ್ದ. ಬಳ್ಳಿಗಳು ನನಗೆ ಸುತ್ತಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ನನ್ನ ಪಟ್ಟಿಗಳು ರೊಟ್ಟಿ ಸುಡುವಷ್ಟು ಕಾಯುತ್ತಿದ್ದವು. ಫಕ್ಕೀರಪ್ಪ ನನಗೆ ಬೈದ ಬೈಗುಳಗಳನ್ನು ಸಾಲಾಗಿ ಇಟ್ಟರೆ ಕಲಘಟಗಿಯಿಂದ ಹಳಿಯಾಳ ಮುಟ್ಟಿ ವಾಪಸು ಬರಬಹುದು. ನನ್ನ ಮೇಲೆ ಎಷ್ಟೋ ಕೊಂಬೆ ಬಿದ್ದವು. ಒಂದಂತೂ ಮೂರು ಊರಿನ ಕಾಗೆಗಳು ಸಂಸಾರ ಹೂಡಿದ್ದ ಕೊಂಬೆ. ಪ್ರತಿ ಸಲವೂ ಫಕ್ಕೀರಪ್ಪ ಹಾರಿ ಹತ್ತು ಮಾರು ದೂರ ನಿಂತಿರುತ್ತಿದ್ದ. ನಾನು ಕಾಪಾಡಿದ್ದು ಅವನ ಬುತ್ತಿ ಡಬ್ಬಿಯನ್ನು. ಇಷ್ಟು ದೊಡ್ಡ ವೀರನ ಪಾಲಿಗೆ ಎರಡು ರೊಟ್ಟಿ, ಒಂದಿಷ್ಟು ಝುಣಕ.

ಎರಡನೆಯ ಮಳೆಗಾಲ ಕಳೆದು ನೆಲ ಒಣಗಿದಾಗ ಆ ದಿನ ಬಂತು. ವಿಠೋಬ ಕಡಿದ ಸಾಗುವಾನಿ ನೆಲಕ್ಕೆ ಬೀಳದೆ ಪಕ್ಕದ ಮತ್ತಿ ಮರದ ಕವಲಿಗೆ ಒರಗಿ ನಿಂತಿತು. ಇಂಥ ಮರವನ್ನು ದೂರದಿಂದ, ಮರಕ್ಕಿಂತ ಉದ್ದದ ಸರಪಳಿ ಹಾಕಿ ಎಳೆಯಬೇಕು. ನಮ್ಮ ಸರಪಳಿ ಮರದ ಅರ್ಧದಷ್ಟೂ ಇರಲಿಲ್ಲ. ಉದ್ದದ್ದನ್ನು ತರಿಸೋಣ ಎಂದು ವಿಠೋಬ ಹೇಳಿದ. ಅದು ಬರುವಷ್ಟರಲ್ಲಿ ಸಂಜೆಯಾದೀತು, ಹಾರುವ ಕಾಲು ಗಟ್ಟಿ ಇರುವಾಗ ಏನು ಭಯ ಎಂದು ಫಕ್ಕೀರಪ್ಪ ಬುಡಕ್ಕೆ ಸರಪಳಿ ಬಿಗಿದ.

ಟ್ರ್ಯಾಕ್ಟರು ಒಮ್ಮೆ ಎಳೆಯಿತು. ಮರ ಅಲುಗಲಿಲ್ಲ. ಇನ್ನೊಮ್ಮೆ ಎಳೆದಾಗ ಮೇಲೆ, ಎಲೆಗಳ ನಡುವೆ ಎಲ್ಲೋ, ಬಂದೂಕು ಹಾರಿಸಿದಂಥ ಸದ್ದು.

“ಹಾರ್ಲೇ!” ವಿಠೋಬ ಚೀರಿದ.

ಫಕ್ಕೀರಪ್ಪನ ಎಡಗಾಲು ಆಗಲೇ ಹೊರಗಿತ್ತು. ಸೀಟಿನಿಂದ ಅರ್ಧ ಎದ್ದೂ ಆಗಿತ್ತು. ಇಲ್ಲಿ ನಾನು, ಅವನ ಅಂಗಿಯ ಕಾಲರು ಹಿಡಿದು ಒಳಗೆ ಜಗ್ಗಿದೆ ಎಂದು ಹೇಳಬೇಕು. ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಇದೊಂದು ಮಾತಿನಲ್ಲಿ ಸುಳ್ಳು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಕಾಲು ಒಳಗೆ ಎಳೆದುಕೊಂಡವನು ಅವನೇ. ತಾನೇ ಕೂತ. ಎರಡೂ ಕೈಯಿಂದ ಸ್ಟೇರಿಂಗು ಹಿಡಿದು ತಲೆ ತಗ್ಗಿಸಿದ.

ಮತ್ತಿಯ ಒಣಕೊಂಬೆ, ಎತ್ತಿನ ಹೊಟ್ಟೆಯಷ್ಟು ದಪ್ಪದ್ದು, ಎಡಗಡೆ ಅವನು ಇಳಿಯುತ್ತಿದ್ದ ಜಾಗದಲ್ಲೇ ನೆಲಕ್ಕೆ ನಾಟಿಕೊಂಡಿತು. ಅದರ ಹಿಂದೆಯೇ ಇಡೀ ಸಾಗುವಾನಿ ನನ್ನ ಮೇಲೆ ಬಿತ್ತು. ಆ ಪೆಟ್ಟಿಗೆ ಭೂಮಿ ಒಂದು ಗೇಣು ಕುಸಿಯಿತು. ನನ್ನ ಪಟ್ಟಿಗಳು ಬಾಗಿ ಅವನ ತಲೆಯಿಂದ ಒಂದು ಗೇಣು ಮೇಲೆ ನಿಂತವು. ಮುಂದೆ ರೆಂಬೆಗಳು, ಎಡಕ್ಕೆ ಕೊಂಬೆ, ಮೇಲೆ ಮರ, ಹಿಂದೆ ಮತ್ತು ಬಲಕ್ಕೆ ನನ್ನವೇ ಸರಳುಗಳು. ಹೊರಬರಲು ಇಲಿಗೂ ದಾರಿ ಇರಲಿಲ್ಲ.

ಧೂಳು ಇಳಿದ ಮೇಲೆ ವಿಠೋಬನ ದನಿ ಕೇಳಿತು. ಅದು ಅವನ ದನಿಯಂತೆ ಇರಲಿಲ್ಲ. “ಫಕ್ಕೀರಣ್ಣ, ಅದೀಯೇನು?”

“ಅದೀನಿ. ಕುಂತೀನಿ.”

ಫಕ್ಕೀರಪ್ಪ ಕೈ ಚಾಚಿ ಎಂಜಿನ್ ಆರಿಸಿದ. ಆಗ ಗೊತ್ತಾಯಿತು, ಡೀಸೆಲ್ ಪೈಪು ಒಡೆದು ತೊಟ್ಟಿಕ್ಕುತ್ತಿದೆ. ಎಂದರೆ ಗ್ಯಾಸ್ ಹಚ್ಚಿ ನನ್ನನ್ನು ಕತ್ತರಿಸುವಂತಿಲ್ಲ. ಮರ ಕೊಯ್ಯಹೋದರೆ ಅದು ಹೊರಳಿ ಪೂರ್ತಿ ಕುಸಿದೀತು. ಇದ್ದಬಿದ್ದವರೆಲ್ಲ ದಪ್ಪ ತುಂಡುಗಳನ್ನು ಸಾಗುವಾನಿಯ ಕೆಳಗೆ ನಿಲ್ಲಿಸಿ ಆಸರೆ ಕೊಟ್ಟರು. ಆದರೂ ನಾನು ಇಳಿಯುತ್ತಿದ್ದೆ. ತಾಸಿಗೆ ಒಂದು ಬೆರಳಗಲ. ಮೂರು ಲೋಕದ ಭಾರ ಹೊತ್ತೆ ಎನ್ನುತ್ತಿದ್ದವನು ಒಂದು ಬೆರಳಗಲಕ್ಕೆ ಹೆದರಿದೆ. ಅವನನ್ನು ಕಾಯುತ್ತಿದ್ದವನು ನಾನೇ, ಹೊರಗೆ ಬಿಡದವನೂ ನಾನೇ.

ಯಾರೋ ಬೈಕಿನಲ್ಲಿ ಹೋಗಿ ದ್ಯಾಮವ್ವನನ್ನು ಕರೆತಂದರು. ಅವಳು ಅಳಲಿಲ್ಲ. ಸುತ್ತ ಒಂದು ಸಲ ನಡೆದು ನೋಡಿದಳು. ಬಲಗಡೆಯ ಸರಳುಗಳ ಸಂದಿಯಿಂದ ನೀರಿನ ತಂಬಿಗೆ ತೂರದು. ಸೆರಗು ನೆನೆಸಿ ಒಳಗೆ ಚಾಚಿದಳು. ಅವನು ಅದನ್ನು ಹಿಂಡಿ ಕುಡಿದ.

“ಯಾಕ ಹಾರಲಿಲ್ರಿ?” ಎಂದು ಮೆಲ್ಲಗೆ ಕೇಳಿದಳು.

“ಹಾರಾಕ ಎದ್ದೆ. ಕೆಳಗ ಅಣ್ಣ ಬಿದ್ದಿದ್ದು ಕಾಣ್ತು. ಅಂವ ತಡಾ ಮಾಡಿದ್ದಿಲ್ಲ, ದ್ಯಾಮಿ. ನನಗಿಂತ ಚಲೋ ಹಾರಿದ್ದ.”

ಅಷ್ಟರಲ್ಲಿ ವಿಠೋಬ ಕಬ್ಬಿಣ ಕೊಯ್ಯುವ ಕೈಗರಗಸದೊಂದಿಗೆ ಬಂದು ಬಲಗಡೆಯ ಹಿಂದಿನ ಕಂಬಕ್ಕೆ ಬ್ಲೇಡು ಹಚ್ಚಿದ. ಅದೊಂದು ಹೋದರೆ ದೊಡ್ಡ ದಾರಿಯೇ ಆಗುತ್ತದೆ ಎಂಬುದು ಅವನ ಲೆಕ್ಕ. ಬ್ಲೇಡು ಒಂದು ಸಲ ಹೋಗಿ ಬಂತು. ನನ್ನ ಮೈಯೆಲ್ಲ ಝುಮ್ಮೆಂದಿತು. ಆ ಕಂಬದ ಮೇಲೆಯೇ ಮರದ ಅರ್ಧ ಭಾರ ಕೂತಿತ್ತು. ಲೋಕಕ್ಕೆಲ್ಲ ಬಡಾಯಿ ಕೊಚ್ಚಿದ ನನಗೆ ಆ ಒಂದು ಮಾತು ಹೇಳಲು ಬಾಯಿ ಇರಲಿಲ್ಲ.

ದ್ಯಾಮವ್ವ ಅವನ ಮಣಿಕಟ್ಟು ಹಿಡಿದಳು. “ವಿಠೋಬಣ್ಣ, ಕಂಬ ಮುಟ್ಟಬ್ಯಾಡ. ಇದ ನಿಂತೈತಿ ಅಂತ ಅವರು ಕುಂತಾರ. ಸಣ್ಣ ಸರಳ ಕೊಯ್ಯಿ. ಹೊತ್ತು ಹಿಡದ್ರ ಹಿಡೀಲಿ.”

ಹೊತ್ತು ಹಿಡಿಯಿತು. ಸರಳುಗಳು ನಾಲ್ಕು, ಪ್ರತಿಯೊಂದಕ್ಕೂ ಎರಡು ತುದಿ. ಐದು ಬ್ಲೇಡು ಮುರಿದವು. ಬಿಸಿಯಾಗಿ ಕಿಡಿ ಏಳಬಾರದೆಂದು ದ್ಯಾಮವ್ವ ಕೊಯ್ಯುವಲ್ಲಿ ನೀರು ಹನಿಸುತ್ತ ಕೂತಳು. ಫಕ್ಕೀರಪ್ಪ ಮಾತ್ರ ಅಲುಗಲಿಲ್ಲ. ಮೇಲೆ ಕಿರ್ ಎಂದಾಗಲೆಲ್ಲ ಅವನ ತೊಡೆಯ ಸ್ನಾಯು ಹಾರಲು ಸೆಟೆಯುತ್ತಿತ್ತು. ಅವನು ಅದನ್ನು ಅಂಗೈಯಿಂದ ಅದುಮಿ ಕೂರಿಸುತ್ತಿದ್ದ. ಎಂಟನೆಯ ತುದಿ ತುಂಡಾದಾಗ ಪಟ್ಟಿ ಅವನ ನೆತ್ತಿಗೆ ನಾಲ್ಕು ಬೆರಳು ಮೇಲಿತ್ತು. ಕಾಲು ಮೊದಲು, ಸೊಂಟ ಆಮೇಲೆ, ತಲೆ ಕಡೆಗೆ, ಹುಟ್ಟುವ ಕೂಸಿಗೆ ತಿರುಗು ಮುರುಗಾಗಿ ಅವನು ಹೊರಬಂದ. ಅವನು ನೆಲಕ್ಕೆ ಕೂತ ಅರಗಳಿಗೆಗೆ ನಾನು ಸೀಟಿನ ಮೇಲೆ ಕುಸಿದೆ ಎಂದರೆ ಕಥೆ ಚೆಂದ ಆಗುತ್ತದೆ. ಕುಸಿಯಲಿಲ್ಲ. ಮರುದಿನ ಕ್ರೇನು ಬಂದು ಮರ ಎತ್ತುವವರೆಗೂ ನಿಂತೇ ಇದ್ದೆ.

ಟ್ರ್ಯಾಕ್ಟರು ರಿಪೇರಿಯಾಗಿ ಹೋಯಿತು. ಅದಕ್ಕೆ ಹೊಸ ಪಂಜರ ಬಂತು, ನನಗಿಂತ ಎರಡು ಕಂಬ ಹೆಚ್ಚು. ಫಕ್ಕೀರಪ್ಪ ಈಗ ಅದರೊಳಗೆ ಬೆಲ್ಟು ಹಾಕಿಕೊಂಡು, ಎರಡೂ ಕಾಲು ಒಳಗಿಟ್ಟು ಕೂರುತ್ತಾನಂತೆ. ನನ್ನನ್ನು ತಂದು ದಿಮ್ಮಿ ಡಿಪೋದ ಬೇಲಿ ಪಕ್ಕ ಒಗೆದರು. ಮಳೆಗೆ ತುಕ್ಕು ಹಿಡಿದಿದ್ದೇನೆ. ಒಂದು ಕಾಲು ಹುತ್ತದಲ್ಲಿ ಸಿಕ್ಕಿದೆ. ಇಲ್ಲಿಂದ ಇನ್ನು ಬಿಡುಗಡೆ ಇಲ್ಲ. ಗುಜರಿಯವನು ಎರಡು ಸಲ ಬಂದ. ಎರಡು ಸಲವೂ ಫಕ್ಕೀರಪ್ಪ ಓಡಿಸಿದ.

ನನಗೆ ಇಲ್ಲೊಂದು ಕೆಲಸ ಇದೆ. ಹೊಸ ಡ್ರೈವರು ಯಾರೇ ಬರಲಿ, ಮೊದಲು ನನ್ನೊಳಗೆ ಸ್ಟೂಲು ಹಾಕಿ ಕೂರಬೇಕು. ಫಕ್ಕೀರಪ್ಪ ಹಿಂದಿನಿಂದ ಬಂದು ನನ್ನ ಪಟ್ಟಿಗಳ ಮೇಲೆ ದಿಮ್ಮಿಯ ತುಂಡೊಂದನ್ನು ಧಡಾರನೆ ಎತ್ತಿಹಾಕುತ್ತಾನೆ. ಹಾರಿದವನಿಗೆ ಅಂದು ಗಾಡಿ ಇಲ್ಲ. ಮರುದಿನ ಬಂದು ಮತ್ತೆ ಕೂರಬೇಕು. ಕಾಲಿಗೆ ಕಲಿಸಿದ್ದನ್ನು ಮರೆಸಲು ಎಷ್ಟು ದಿನ ಬೇಕು ಎಂಬುದು ನನ್ನಷ್ಟು ಯಾರಿಗೂ ತಿಳಿಯದು. ನಾನು ಎಷ್ಟೇ ಗಟ್ಟಿಯಾಗಿದ್ದರೂ, ಒಳಗಿನವನು ಕೂರಲಾರದಿದ್ದರೆ ಲಾರಿಯ ಚಾಸಿಯಷ್ಟೇ.

ಮೊನ್ನೆ ಬಸವಣ್ಣೆಪ್ಪ ಎಂಬ ಮೀಸೆಯ ಆಸಾಮಿ ಬಂದ. ಇಪ್ಪತ್ತು ವರ್ಷ ಟ್ರ್ಯಾಕ್ಟರು ಓಡಿಸಿದವನಂತೆ. ಬಡಾಯಿಯಲ್ಲಿ ನನ್ನನ್ನೂ ಮೀರಿಸುವವನು. ನಾಲ್ಕು ದಿನ, ನಾಲ್ಕು ಸಲ ಹಾರಿದ. ಐದನೆಯ ದಿನ ದಿಮ್ಮಿ ಬಿದ್ದಾಗ ಕಣ್ಣು ಮುಚ್ಚಿ ನನ್ನ ಕಂಬವನ್ನು ಅವುಚಿಕೊಂಡ. ಬಿಡಲಿಲ್ಲ.

“ಎಷ್ಟೊತ್ತು ಹಿಂಗ ಕುಂದ್ರಬೇಕೋ ಮಾರಾಯಾ?” ಎಂದು ಕಣ್ಣು ತೆರೆಯದೆಯೇ ಕೇಳಿದ.

“ನಾ ಕರಿಯೂತನಕ” ಎಂದು ಫಕ್ಕೀರಪ್ಪ ಚಾ ಕುಡಿಯಲು ಹೋದ.