ಗೇಟಿಗೆ ಅಡ್ಡ ಹೊರಸು

"ಇಳಸಬ್ಯಾಡ್ರಿ!" ಎಂದು ಕೂಗುತ್ತ ಸಾಬವ್ವ ಸ್ಟ್ರೆಚರಿನ ಹಿಡಿಕೆಗೆ ಜೋತುಬಿದ್ದಳು.

ಹಮಾಲರು ಕೈ ತಡೆದರು. ಅವಳ ಗಂಡ ಶಿವರಾಯನ ಹೆಣ ಆಂಬುಲೆನ್ಸಿನಿಂದ ಅರ್ಧ ಹೊರಗೆ ಬಂದು ನಿಂತಿತು. ಕಾಲು ಬಿಸಿಲಿನಲ್ಲಿ, ತಲೆ ನೆರಳಿನಲ್ಲಿ.

"ಅಂವ ಊರಿಗಿ ಒಯ್ಯಿ ಅಂದಾನ. ದವಾಖಾನ್ಯಾಗ ನನ್ನ ಕೈ ಹಿಡಿದು ಹೇಳ್ಯಾನ. ಇದೇ ಗಾಡ್ಯಾಗ ಒಯ್ರಿ. ಈಗ ಬಿಟ್ರ ರಾತ್ರಿಗಿ ಮುಟ್ತದ."

ಊರೆಂದರೆ ಸೊಲ್ಲಾಪುರ ದಾಟಿ ಅಫಜಲಪುರದ ಕಡೆಯ ಹಳ್ಳಿ. ಇಲ್ಲಿ, ಕಲ್ಯಾಣದ ಕಡಲ ಖಾಡಿಯ ಸೇತುವೆಯ ಆಚೆ, ಕೋನಗಾವ್‌ನ ಗೋದಾಮುಗಳ ಬೆನ್ನಿಗಿದ್ದ ತಗಡಿನ ಚಾಳಿನ ಮುಂದೆ ನಿಂತಿದ್ದವರೆಲ್ಲ ಅದೇ ಹಳ್ಳಿಯವರು. ಒಬ್ಬೊಬ್ಬರನ್ನೂ ಮೂಟೆ ಹೊರುವ ಕೆಲಸಕ್ಕೆ ಕರೆತಂದವನು ಹಮಾಲರ ಟೋಳಿಯನ್ನು ನಡೆಸುವ ಮುಕಾದಮನಾಗಿದ್ದ ಶಿವರಾಯನೇ.

ಡ್ರೈವರ್ ಒಲ್ಲೆ ಎನ್ನಲಿಲ್ಲ. "ಮಾವಶಿ, ಸೋಬತ್ ಕೋಣೀತರೀ ಮಾಣೂಸ್ ಪಾಹಿಜೆ," ಎಂದ. ಜೊತೆಗೆ ಒಬ್ಬ ಗಂಡಸು ಬೇಕು. ಒಂಟಿ ಹೆಂಗಸನ್ನೂ ಹೆಣವನ್ನೂ ಕೂರಿಸಿಕೊಂಡು ಅಷ್ಟು ದೂರ ಹೋಗಲು, ದಾರಿಯಲ್ಲಿ ಪೊಲೀಸರಿಗೆ ಉತ್ತರ ಹೇಳಲು ಅವನು ಸಿದ್ಧನಿರಲಿಲ್ಲ.

ಸಾಬವ್ವ ಸುತ್ತ ನೋಡಿದಳು. ಅವಳ ಕಣ್ಣು ಯಾರ ಮೇಲೆ ಬಿತ್ತೋ ಅವರ ಕಣ್ಣು ನೆಲಕ್ಕೆ ಬಿತ್ತು. ಎಲ್ಲರಿಗಿಂತ ಹಿರಿಯ ಗುಂಡೇರಾಯ ಮಾತ್ರ ಮೊಳಕಾಲು ನೀವಿಕೊಂಡು, "ನನ್ನ ಮೊಳಕಾಲು ನಿನಗ ಗೊತ್ತದಲ್ಲವ್ವ, ಅಷ್ಟು ಹೊತ್ತು ಕೂಡ್ಲಾಕ ಆಗಲ್ಲ," ಎಂದ.

"ದಿಲೀಪಾ, ನೀ ಬಾರೋ ಯಪ್ಪಾ. ಬರೇ ಕುಂತು ಬಾ ಸಾಕು."

ದಿಲೀಪ ಈಗ ಟೋಳಿಯ ಮುಕಾದಮ. ಬೆಳಗಿನಿಂದ ಆಸ್ಪತ್ರೆಯಲ್ಲಿ ಓಡಾಡಿ ಹೆಣ ಬಿಡಿಸಿಕೊಂಡು ಬಂದವನು ಅವನೇ. ಅವನು ದನಿ ಏರಿಸಲಿಲ್ಲ.

"ನಮ್ಮವ್ವನ ಮಣ್ಣಿಗಿ ನನಗ ಯಾರ್ ಕಳಿಸಿದ್ರು ಕಾಕಿ?"

ಅವನ ಹೆಂಡತಿ ಅನಸೂಯಾ "ಏ, ಇವತ್ತಾರ ಬಿಡ್ರಿ" ಎಂದು ಅವನ ತೋಳು ಹಿಡಿದಳು. ಅವನು ತೋಳು ಬಿಡಿಸಿಕೊಂಡ. ಉಳಿದವರು ಸ್ಟ್ರೆಚರನ್ನು ಮೆಲ್ಲಗೆ ಎಳೆದರು. ಸಾಬವ್ವನ ಕೈ ತಾನಾಗಿಯೇ ಸಡಿಲಾಯಿತು.

*

ಐದು ವರ್ಷದ ಹಿಂದೆ, ಲಾಕ್‌ಡೌನಿನಲ್ಲಿ ರೈಲು ನಿಂತ ವರ್ಷ ಗೋದಾಮುಗಳೂ ನಿಂತವು. ನಾಸಿಕದ ಹೆದ್ದಾರಿಯಲ್ಲಿ ಗಂಟುಮೂಟೆ ಹೊತ್ತವರ ಸಾಲು ಹಗಲೆಲ್ಲ ಕಾಣುತ್ತಿತ್ತು. ಪಕ್ಕದ ಗೋದಾಮಿನ ಟೋಳಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ನಡೆದುಬಿಟ್ಟಿತು. ಆವತ್ತೇ ಶಿವರಾಯನ ಹುಡುಗರೂ ಗಂಟು ಕಟ್ಟಿದರು.

ಅವರನ್ನೆಲ್ಲ ಕರೆತರುವಾಗ ಅವನು ಒಬ್ಬೊಬ್ಬರ ತಾಯಿಗೂ "ನನ್ನ ಜಿಮ್ಮೇದಾರಿ" ಎಂದು ಮಾತು ಕೊಟ್ಟಿದ್ದ. ಬೈದು ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಿತ್ತು. ಗೋದಾಮಿನ ಮೂಲೆಯಲ್ಲಿ, ಸರಕಿನ ಬೇಲುಗಳಿಗೆ ಬಿಗಿದು ಬರುವ ಪ್ಲಾಸ್ಟಿಕ್ ಪಟ್ಟಿಗಳ ರಾಶಿ ಆಳೆತ್ತರ ಬಿದ್ದಿತ್ತು. ಅದನ್ನು ಅಂಗಳಕ್ಕೆ ಎಳೆದು ಹಾಕಿದ. ಅರ್ಧಕ್ಕೆ ನಿಂತ ಕಟ್ಟಡದಿಂದ ಬಿದಿರು ಕೇಳಿ ತಂದ. ಅಪ್ಪ ಪುಂಡಿನಾರಿನ ಹಗ್ಗದಲ್ಲಿ ಹೊರಸು ಹೆಣೆಯುತ್ತಿದ್ದುದನ್ನು ನೋಡಿ ಕಲಿತ ಕೈ ಅದು. ಹತ್ತಿರದ ಶಾಲೆಯೊಂದನ್ನು ರೋಗಿಗಳಿಗೆಂದು ತೆರೆದಿದ್ದರು. ಮಂದಿ ಬರಿನೆಲದ ಮೇಲೆ ಮಲಗಿದ್ದಾರೆಂದು ಸುದ್ದಿ ಇತ್ತು.

"ಕುಂದರ್ರಿ, ಹೊರಸು ಹೆಣೀರಿ," ಎಂದ. "ಕೈ ಖಾಲಿ ಇದ್ರ ಕಾಲು ನಡೀತಾವ."

ಮೊದಲು ನಕ್ಕರು. ಆಮೇಲೆ ಕೂತರು. ಪಟ್ಟಿಯ ಅಂಚು ಬ್ಲೇಡಿನಂತೆ ಬೆರಳು ಸೀಳುತ್ತಿತ್ತು. ಸಾಬವ್ವ ಹಳೆಯ ಸೀರೆ ಹರಿದು ಎಲ್ಲರ ಬೆರಳಿಗೂ ಸುತ್ತಿದಳು. ಸಂಜೆ ಆ ಶಾಲೆಯಿಂದ ಟೆಂಪೊ ಬಂದು ಹೊರಸುಗಳನ್ನು ಒಯ್ಯುತ್ತಿತ್ತು, ಬರುವಾಗ ಅಕ್ಕಿ ಬೇಳೆ ತರುತ್ತಿತ್ತು. ಹೊರಗೆ ಲೋಕ ಸಾಯುತ್ತಿದ್ದಾಗ ಆ ಅಂಗಳದಲ್ಲಿ ಯಾರ ಹೆಣಿಗೆ ಬಿಗಿ, ಯಾರದು ಸಡಿಲು ಎಂದು ಪಂದ್ಯ ನಡೆಯುತ್ತಿತ್ತು. ಎಲ್ಲರಿಗಿಂತ ಚೆಂದ ಕೈ ದಿಲೀಪನದು. ಬಿಳಿ ಪಟ್ಟಿಯ ನಡುವೆ ನೀಲಿ ಸೇರಿಸಿ ಚೌಕಡಿ ಎಬ್ಬಿಸುತ್ತಿದ್ದ.

ಅವನ ತಾಯಿಗೆ ಜ್ವರವೆಂದು ಫೋನ್ ಬಂದಾಗ ಅವನು ಹೆಣೆಯುತ್ತಿದ್ದ ಹೊರಸನ್ನು ಅಲ್ಲೇ ಬಿಟ್ಟು ಎದ್ದ. ಶಿವರಾಯ ಅದೇ ಹೊರಸನ್ನು ಎಳೆದು ಗೇಟಿಗೆ ಅಡ್ಡ ಹಾಕಿ, ಅದರ ಮೇಲೆ ಕೂತ.

"ದಾರಿ ಬಿಡು ಕಾಕಾ."

"ನಿಮ್ಮವ್ವೇ ನಿನ್ನ ನನ್ನ ಕೈಯಾಗ ಕೊಟ್ಟಾಳ. ದಾರ್ಯಾಗ ನಿನಗೇನಾರ ಆದ್ರ ಆಕಿಗಿ ಏನ್ ಹೇಳ್ಲಿ?"

"ಆಕೀಗೇ ಏನಾರ ಆದ್ರ ನನಗೇನ್ ಹೇಳ್ತಿ?"

ಶಿವರಾಯ ಏಳಲಿಲ್ಲ. ಹಿಂದೆ ಉಳಿದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಒಬ್ಬ ಗೇಟು ದಾಟಿದರೆ ಯಾರೂ ಉಳಿಯುತ್ತಿರಲಿಲ್ಲ. ದಿಲೀಪ ಬೇಕೆಂದಿದ್ದರೆ ಮುದುಕನನ್ನು ಹೊರಸು ಸಮೇತ ಎತ್ತಿ ಬದಿಗಿಡಬಹುದಿತ್ತು. ಅಷ್ಟು ಕಸುವಿತ್ತು. ಯಾಕೋ ಎತ್ತಲಿಲ್ಲ. ಮರಳಿ ಬಂದು ಇನ್ನೊಂದು ಹೊರಸಿಗೆ ಪಟ್ಟಿ ಹಚ್ಚಿದ.

ಎರಡು ವಾರಕ್ಕೆ ಅವನ ತಾಯಿ ತೀರಿಕೊಂಡಳು. ಅದೇ ದಿನಗಳಲ್ಲಿ ಪಕ್ಕದ ಟೋಳಿಯವರು ಊರಿಂದ ಫೋನ್ ಮಾಡಿದರು. ಅಂಗಾಲು ಒಡೆದಿದ್ದವು, ಆದರೆ ಎಲ್ಲರೂ ಮುಟ್ಟಿದ್ದರು. ಅವ್ವ ಬಡಿದ ಬಿಸಿ ರೊಟ್ಟಿ ತಿಂದು ಕೂತಿದ್ದರು. ದಿಲೀಪ ಆ ಮಾತು ಕೇಳಿಸಿಕೊಂಡ. ಅಂದಿನಿಂದ ಅವನ ಬಾಯಲ್ಲಿ ಶಿವರಾಯನಿಗೆ 'ಕಾಕಾ' ಎಂಬ ಕರೆ ಬರಲಿಲ್ಲ. ಅದೇ ಟೋಳಿಯಲ್ಲಿ ಮೂಟೆ ಹೊತ್ತ. ಮುದುಕನ ಬೆನ್ನು ಸೋತಾಗ ಮುಕಾದಮಿಕೆಯನ್ನೂ ಹೊತ್ತ. ಮಾತು ಮಾತ್ರ ಆಡಲಿಲ್ಲ.

*

ಹೆಣಕ್ಕೆ ನೀರು ಹಾಕಿದವನು ದಿಲೀಪ. ಚಟ್ಟದ ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿದವನೂ ಅವನೇ. ಸ್ಮಶಾನದವರೆಗೆ ತಲೆಯ ಕಡೆಯ ಹೆಗಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಿಂದೆ ಬರುತ್ತಿದ್ದ ಸಾಬವ್ವನಿಗೆ ಅದನ್ನು ಹೇಗೆ ನೋಡಬೇಕೋ ತಿಳಿಯಲಿಲ್ಲ. ಮಗನಿದ್ದರೂ ಇಷ್ಟು ಮಾಡುತ್ತಿರಲಿಲ್ಲ. ಕೇಳಿದ ಒಂದನ್ನು ಮಾತ್ರ ಅವನು ಮಾಡಿರಲಿಲ್ಲ.

ತೋಡಿದ ಕುಣಿಯ ಬಳಿ ಕಾಯುವಾಗ ಗುಂಡೇರಾಯ ಹೇಳಿದ, "ಮನಷ್ಯಾ ಗಟ್ಟಿ ಇದ್ದ. ನಾವು ಹೆಣೆದ ಹೊರಸಿನ ಮ್ಯಾಲ ಎಷ್ಟ್ ಮಂದಿ ಮಲಗಿ ಎದ್ದ ಹ್ವಾದ್ರೋ."

"ಸುಟ್ರು," ಎಂದ ದಿಲೀಪ. "ರೋಗ ಹತ್ಯದ ಅಂತ ಮೈದಾನದಾಗ ರಾಶಿ ಹಾಕಿ ಸುಟ್ರು. ನಾ ನಿಂತು ನೋಡೀನಿ."

"ನೀ ಜೀವಂತ ಅದೀಯಲ್ಲೋ."

"ನಡದ್ ಹ್ವಾದವ್ರೂ ಅದಾರ."

ಸಾಬವ್ವ ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ದಿಲೀಪಾ, ಒಂದ್ ಮಾತು ಕೇಳು. ನಿಮ್ಮವ್ವ ಹೋದ ಸುದ್ದಿ ಬಂದ ದಿನ ಅಂವ ಉಣಲಿಲ್ಲ. ಗ್ವಾಡಿಗಿ ಮಾರಿ ಮಾಡಿ ಕುಂತು, ಒಂದೇ ಹೊರಸು ಹೆಣೆದ, ಬಿಚ್ಚಿದ, ಮತ್ತ ಹೆಣೆದ. ಬಟ್ಟಿ ಸುತ್ತಿಕೊಳ್ಳಲಿಲ್ಲ. ಬೆರಳೆಲ್ಲಾ ರಗತ. 'ಬಿಟ್ಟಿದ್ರ ಮುಟ್ಟತಿದ್ನೇನೋ ಸಾಬೂ' ಅಂತ ಅತ್ತಾನ."

ದಿಲೀಪ ಕುಣಿಯೊಳಗೇ ನೋಡಿದ.

"ನಿನಗ ಹೇಳ್ಯಾನ," ಎಂದ. "ಐದು ವರ್ಷ ಒಂದೇ ಅಂಗಳದಾಗ ಇದ್ದೇವು. ಒಂದ್ ಮಾತು ನನಗ ಹೇಳಿದ್ರ ಏನ್ ಹೋಗ್ತಿತ್ತು ಅವಂದು?"

ತಾನಾದರೂ ಹೇಳಬಹುದಿತ್ತಲ್ಲ ಎಂಬುದು ಆಗಷ್ಟೇ ಸಾಬವ್ವನಿಗೆ ಹೊಳೆಯಿತು. ಗಂಡನ ಕಣ್ಣೀರು ಹೊರಗೆ ಬಿದ್ದರೆ ಟೋಳಿಯ ಮೇಲಿನ ಹಿಡಿತ ಹೋಗುತ್ತದೆಂದು ಅವಳೂ ನುಂಗಿಕೊಂಡು ಕೂತಿದ್ದಳು. ದಿಲೀಪ ಕುಣಿಗಿಳಿದು, ಹೆಣದ ತಲೆಗೆ ಅಂಗೈ ಕೊಟ್ಟು, ಮಲಗಿದ ಕೂಸನ್ನು ಇಳಿಸುವಂತೆ ಇಳಿಸಿಕೊಂಡ. ಮೇಲೆ ಹತ್ತಿ ಬಂದವನು ಯಾರ ಕಡೆಗೂ ನೋಡಲಿಲ್ಲ.

ಮಣ್ಣು ಮುಗಿಸಿ ಹೊರಟಾಗ ಅನಸೂಯಾಳ ಫೋನ್ ರಿಂಗಾಯಿತು. ಊರಿನಿಂದ ಶಿವರಾಯನ ತಮ್ಮ ಮಲ್ಕಣ್ಣ. ಬೆಳಿಗ್ಗೆ ಸಾವಿನ ಸುದ್ದಿ ಮುಟ್ಟಿದ ಕೂಡಲೇ, ಅಣ್ಣ ಬಂದೇ ಬರುತ್ತಾನೆಂದು ಅವನು ಹೊಲದಲ್ಲಿ ಕುಣಿ ತೋಡಿಸಿ ಕಾಯುತ್ತಿದ್ದ.

"ಬರಲ್ಲೇನು ಅತ್ತಿಗಿ?"

"ಇಲ್ಲ. ಇಲ್ಲೇ ಆಯ್ತು," ಎಂದಳು ಸಾಬವ್ವ.

ಮಲ್ಕಣ್ಣ ಅಲ್ಲಿದ್ದವರಿಗೆ ಅದನ್ನೇ ಕೂಗಿ ಹೇಳಿ, ಮತ್ತೆ ಫೋನಿಗೆ ಬಂದ.

"ತೋಡಿದ ಕುಣಿ ಖಾಲಿ ಬಿಡಬಾರದವ್ವ. ಖಾಲಿ ಬಿಟ್ರ ಮತ್ತೊಬ್ಬರನ್ನ ಕರೀತದ. ಅಣ್ಣನ ಬದಲಿ ಏನಾರ ಹಾಕಿ ಮುಚ್ಚಬೇಕು. ವಿಡಿಯೊ ಹಚ್ಚತೀನಿ, ನೀನೂ ನೋಡು."

ಅರ್ಧ ತಾಸಿಗೆ ವಿಡಿಯೊ ಕರೆ ಬಂದಾಗ ಅವರಿನ್ನೂ ಸ್ಮಶಾನದ ಬಾಗಿಲಲ್ಲೇ ಇದ್ದರು; ಅನಸೂಯಾ ಫೋನನ್ನು ಸಾಬವ್ವನ ಮುಖದೆದುರು ಹಿಡಿದಳು. ತೆರೆಯ ಮೇಲೆ ಕಪ್ಪು ನೆಲ, ಅದರೊಳಗೆ ಆಳುದ್ದದ ಕುಣಿ, ಕುಣಿಯೊಳಗೆ ಹೊಸ ಬಿಳಿ ಬಟ್ಟೆ ಸುತ್ತಿದ ಹಸಿ ಬೇವಿನ ಟೊಂಗೆ. ಸುತ್ತ ನೆರೆದಿದ್ದವರು ಹೆಚ್ಚಾಗಿ ಮುದುಕಿಯರು, ಮಕ್ಕಳನ್ನು ಶಿವರಾಯನ ಕೈಗೆ ಕೊಟ್ಟು ಕಳಿಸಿದವರು. ಒಬ್ಬೊಬ್ಬಳೂ ಬಗ್ಗಿ ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದಳು. ದಿಲೀಪ ಹಿಂದಿನಿಂದ ಬಗ್ಗಿ ಆ ಮುಖಗಳನ್ನು ನೋಡಿದ. ಅವ್ವ ಬದುಕಿದ್ದರೆ ಆ ಸಾಲಿನಲ್ಲೇ ಇರುತ್ತಿದ್ದಳು. ಕೊನೆಯ ಮುದುಕಿಯೂ ಸರಿದ ಮೇಲೆ ರಸ್ತೆಯ ಕಡೆಗೆ ನಡೆದುಬಿಟ್ಟ.

ಮಲ್ಕಣ್ಣ ಸಲಿಕೆ ಹಿಡಿದು ಮಣ್ಣೆಳೆದ. ಕುಣಿ ತುಂಬುತ್ತ ಬಂತು. ಬಟ್ಟೆಯಿಂದ ತಪ್ಪಿಸಿಕೊಂಡ ಒಂದು ಹಸಿರು ಕವಲು ಮಾತ್ರ ಮಣ್ಣೊಳಗಿಂದ ಹೊರಗೆ ಚಾಚಿತ್ತು. ಮಲ್ಕಣ್ಣ ಅದನ್ನು ಕಾಲಿನಿಂದ ಒತ್ತಿದ. ಕಾಲು ತೆಗೆದ ಕೂಡಲೇ ಎಲೆಗಳು ಚಿಮ್ಮಿ ಎದ್ದವು. ಅವನು ಇನ್ನಷ್ಟು ಮಣ್ಣು ಹಾಕಿ, ಎರಡೂ ಕಾಲಲ್ಲಿ ಹತ್ತಿ ನಿಂತು, ತುಳಿಯತೊಡಗಿದ.