ಜೋನ್ ಪಾಸ್ಕ್ ಕೊಟ್ಟ ಉತ್ತರ

ಕಚೇರಿಗೆ ಎಲ್ಲರಿಗಿಂತ ಮೊದಲು ಬರುವವಳು ನಾನು. ಕೋಟು ತೂಗುಹಾಕಿ, ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆ ಮಾಡಿಕೊಂಡು, ಆರು ಮೇಜುಗಳ ಆರು ಪರದೆಗಳನ್ನೂ ಒರೆಸುತ್ತೇನೆ. ಯಾರೂ ಹೇಳಿದ ಕೆಲಸವಲ್ಲ. ಮುನ್ನೂರೈವತ್ತು ವರ್ಷ ಹಳೆಯ ಪುಟದ ಚಿತ್ರ ತೆರೆದಾಗ ಗಾಜಿನ ಮೇಲಿನ ಧೂಳಿನ ಕಣವೂ ಪೂರ್ಣವಿರಾಮದ ಹಾಗೇ ಕಾಣುತ್ತದೆ. ಒಮ್ಮೆ ಅಂಥ ಒಂದು ಕಣವನ್ನು ನಂಬಿ ಯಾರದೋ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೆ. ಅವತ್ತಿನಿಂದ ಒರೆಸುತ್ತೇನೆ.

ಆ ಬುಧವಾರವೂ ಒರೆಸಿ, ನನ್ನ ಮೇಜಿಗೆ ಕೂತು, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಪುಸ್ತಕ ತೆರೆದೆ.

ನಮ್ಮ ಕಚೇರಿ ಇರುವುದು ಡೆಟ್ರಾಯಿಟ್ ಹತ್ತಿರದ ಇಪ್ಸಿಲ್ಯಾಂಟಿಯಲ್ಲಿ, ಮುಚ್ಚಿಹೋದ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಇಂಗ್ಲಿಷಿನಲ್ಲಿ ಮೊದಮೊದಲು ಅಚ್ಚಾದ ಪುಸ್ತಕಗಳನ್ನು ಬಹಳ ಹಿಂದೆ ಯಾರೋ ಪುಟಪುಟವಾಗಿ ಫಿಲ್ಮಿಗೆ ಇಳಿಸಿದ್ದರು. ಆ ಚಿತ್ರಗಳನ್ನು ನೋಡಿ ದೂರದ ಊರಿನಲ್ಲಿ ಇಬ್ಬರು ಬೇರೆಬೇರೆ ಕೂತು ಟೈಪ್ ಮಾಡುತ್ತಾರೆ. ಎರಡೂ ಒಂದೇ ಆಗಿದ್ದರೆ ನಮ್ಮ ಬಳಿಗೆ ಬರುತ್ತದೆ. ನಾವು ಚಿತ್ರದ ಜೊತೆ ಹೋಲಿಸಿ, ಸರಿ ಇದ್ದರೆ ಕಡತದ ತಲೆಯಲ್ಲಿ ನಮ್ಮ ಹೆಸರು ಹಾಕುತ್ತೇವೆ. ಒಂದು ಕಡತಕ್ಕೆ ಎರಡು ಹೆಸರು. ಆಮೇಲೆ ಆ ಪುಸ್ತಕವನ್ನು ಯಾರು ಬೇಕಾದರೂ, ಎಲ್ಲಿ ಕೂತು ಬೇಕಾದರೂ ಓದಬಹುದು. ಕಾರ್ಡು ಬೇಡ, ಪ್ರಮಾಣಪತ್ರ ಬೇಡ. ನಾನು ಈ ಕೆಲಸಕ್ಕೆ ಸೇರಿದ್ದೇ ಆ ಒಂದು ಮಾತಿಗೆ. ಹದಿನಾರಕ್ಕೆ ಶಾಲೆ ಬಿಟ್ಟವಳು ನಾನು. ದೊಡ್ಡ ಗ್ರಂಥಾಲಯಗಳ ಬಾಗಿಲಲ್ಲಿ ಕೇಳುವ ಯಾವ ಕಾಗದವೂ ನನ್ನ ಬಳಿ ಇರಲಿಲ್ಲ.

ಆ ಪುಸ್ತಕ ತೆಳ್ಳಗಿನದು, ಇಪ್ಪತ್ತನಾಲ್ಕು ಪುಟ. ೧೬೫೧ರಲ್ಲಿ ಅಚ್ಚಾದದ್ದು. ಇಡೀ ಲೋಕದಲ್ಲಿ ಉಳಿದಿರುವುದು ಒಂದೇ ಪ್ರತಿ. ನಾರ್ವಿಚ್ ಊರಿನ ಜೋನ್ ಪಾಸ್ಕ್ ಎಂಬ ಬಟ್ಟೆ ಒಗೆಯುವ ಹೆಂಗಸಿನ ವಿಚಾರಣೆ. ಸಂತೆಯ ಮೆಟ್ಟಿಲ ಮೇಲೆ ನಿಂತು, ಅಚ್ಚಾದ ಹಾಳೆಯೊಂದನ್ನು ಇತರ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿದಳೆಂಬುದು ಅವಳ ಮೇಲಿನ ಆರೋಪ. ನ್ಯಾಯಾಧೀಶರು ಕೇಳುತ್ತಾರೆ, ಅವಳು ಉತ್ತರಿಸುತ್ತಾಳೆ. ನಿನ್ನ ಗಂಡನೆಲ್ಲಿ? ಮನೆಯಲ್ಲಿ, ನಾನು ಇಲ್ಲಿ ನಿಂತಿರುವುದರಿಂದ ನನ್ನ ಪಾಲಿನ ಬಟ್ಟೆ ಒಗೆಯುತ್ತಿದ್ದಾನೆ; ಅವನನ್ನೂ ಕರೆಸಿದರೆ ತಮ್ಮ ಅಂಗಿಗಳೇ ಒದ್ದೆ ಉಳಿಯುತ್ತವೆ. ಇಂಥ ಉತ್ತರಗಳು. ಓದುತ್ತ ಎರಡು ಸಲ ನಕ್ಕಿದ್ದೆ, ಸದ್ದಿಲ್ಲದೆ.

ಹದಿನೈದನೇ ಪುಟದ ಕೊನೆಗೆ ನ್ಯಾಯಾಧೀಶರ ಪ್ರಶ್ನೆ: ಓದಲು ನಿನಗೆ ಅಪ್ಪಣೆ ಕೊಟ್ಟವರು ಯಾರು? ಟೈಪ್ ಮಾಡಿದ ಪ್ರತಿಯಲ್ಲಿ ಅದರ ಮುಂದಿನ ಸಾಲು: ಆದಕಾರಣ ನ್ಯಾಯಸ್ಥಾನವು ಅವಳಿಗೆ ಆರು ತಿಂಗಳ ಸೆರೆ ವಿಧಿಸಿತು.

ಅಷ್ಟು ಹೊತ್ತು ಬಾಯಿಗೆ ಬಾಯಿ ಕೊಟ್ಟವಳು ಈ ಒಂದು ಪ್ರಶ್ನೆಗೆ ಸುಮ್ಮನಾದಳೇ?

ಚಿತ್ರವನ್ನು ದೊಡ್ಡದು ಮಾಡಿ ಪುಟದ ಕೆಳಗಿನ ಬಲ ಮೂಲೆ ನೋಡಿದೆ. ಆ ಕಾಲದವರು ಪ್ರತಿ ಪುಟದ ಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಒಂಟಿಯಾಗಿ ಅಚ್ಚು ಹಾಕುತ್ತಿದ್ದರು, ಹಾಳೆ ಜೋಡಿಸುವವರಿಗೆ ಕ್ರಮ ತಪ್ಪದಿರಲಿ ಎಂದು. ಆ ಪದವನ್ನು ಟೈಪ್ ಮಾಡಬಾರದು ಎಂಬುದು ನಮ್ಮ ನಿಯಮ, ಎರಡೆರಡು ಸಲ ಬಂದುಬಿಡುತ್ತದಲ್ಲ. ಈ ಪುಟದ ಮೂಲೆಯಲ್ಲಿ ‘ನನಗೆ’ ಎಂದಿತ್ತು. ಮುಂದಿನ ಚಿತ್ರ ‘ಆದಕಾರಣ’ ಎಂದು ಶುರುವಾಗುತ್ತಿತ್ತು. ಅದರ ಪುಟಸಂಖ್ಯೆ ಹದಿನೆಂಟು.

ಫಿಲ್ಮ್ ತೆಗೆದವರು ಎರಡು ಹಾಳೆ ಒಟ್ಟಿಗೆ ಮಗುಚಿದ್ದರು. ಟೈಪ್ ಮಾಡಿದ ಇಬ್ಬರದೂ ತಪ್ಪಿಲ್ಲ. ನಿಯಮದಂತೆ ಮೂಲೆಯ ಪದ ಬಿಟ್ಟಿದ್ದರು, ಬಿಟ್ಟಕೂಡಲೇ ಬಿರುಕು ಮುಚ್ಚಿಹೋಗಿತ್ತು.

ಪಕ್ಕದ ಮೇಜಿನ ಬರ್ನಿಯನ್ನು ಕರೆದೆ. ಬರ್ನಿ ಟಿಲ್ಮನ್‌ಗೆ ಅರವತ್ತಮೂರು. ಡೆಟ್ರಾಯಿಟಿನ ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ನನಗೆ ಈ ಕೆಲಸ ಕಲಿಸಿದವರೂ ಅವರೇ.

“ಅಯ್ಯೋ, ಈ ಹುಡುಗಿ ತಾನಾಗೇ ಮಾತಾಡಿದಾಳೆ! ಎಲ್ಲೋ ಬೆಂಕಿ ಬಿದ್ದಿರ್ಬೇಕು,” ಎನ್ನುತ್ತ ಕುರ್ಚಿ ಸಮೇತ ಉರುಳಿಕೊಂಡು ಬಂದರು. ನಾನು ಮೂಲೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ನಗು ಹೋಯಿತು.

“ಎರಡು ಪುಟ ನುಂಗಿದಾರೆ ಕಣೇ.”

“ಅವಳ ಉತ್ತರ ಇರೋ ಪುಟಗಳು.”

“ಕರ್ಟಿಸ್‌ಗೆ ಹೇಳು. ನೀನೇ ಹೇಳು, ನನ್ನ ಮುಖ ನೋಡ್ಬೇಡ.”

ಕರ್ಟಿಸ್ ಹೇಲ್ ನಮ್ಮ ಮುಖ್ಯಸ್ಥರು, ಡಾಕ್ಟರೇಟ್ ಮಾಡಿದವರು. ಕೆಟ್ಟವರೇನಲ್ಲ. ನನ್ನ ಹುಟ್ಟುಹಬ್ಬ ನೆನಪಿಟ್ಟುಕೊಂಡು ಡೋನಟ್ ತರುತ್ತಾರೆ. ಆದರೆ ಜೋನ್ ಪಾಸ್ಕ್ ಬಗ್ಗೆ ಅವರೊಂದು ಲೇಖನ ಬರೆದಿದ್ದರು, ಈ ಫಿಲ್ಮನ್ನೇ ಓದಿ. ಕೊನೆಯ ಪ್ರಶ್ನೆಗೆ ಅವಳು ತೋರಿದ ಮೌನದ ಬಗ್ಗೆ.

“ಆ ಕಾಲದ ಮುದ್ರಕರಿಗೆ ಎಣಿಸೋಕೇ ಬರ್ತಿರಲಿಲ್ಲ ಮಾರ್ನಿ,” ಎಂದರು, ನಾನು ಹೇಳಿದ್ದು ಕೇಳಿ. “ಹದಿನೈದಾದ್ಮೇಲೆ ಹದಿನೆಂಟು ಹಾಕಿರ್ತಾರೆ. ದಿನಾ ನೋಡ್ತೀವಲ್ಲ.”

“ಮೂಲೆ ಪದ ನೋಡಿ.”

ನೋಡಿದರು. ಅವರ ಕಿವಿ ಕೆಂಪಾಗುತ್ತ ಹೋದದ್ದನ್ನು ನಾನು ನೋಡಿದೆ.

“ಸರಿ. ಏನ್ಮಾಡೋಣ ಅಂತೀಯ? ಪುಟ ಕಮ್ಮಿ ಅಂತ ಗುರುತು ಹಾಕಿದ್ರೆ ಕಾಯುವ ಬುಟ್ಟಿಗೆ ಹೋಗುತ್ತೆ. ಶುಕ್ರವಾರ ಓದುಗರಿಗೆ ಬಿಡೋ ಪಟ್ಟಿಗೆ ಪೂರ್ತಿ ಇರೋ ಪುಸ್ತಕಾನೇ ಬೇಕು.”

ಕಾಯುವ ಬುಟ್ಟಿ ನನಗೆ ಗೊತ್ತಿತ್ತು. ಸಾವಿರದ ನೂರು ಪುಸ್ತಕಗಳು ಅದರಲ್ಲಿ ಮಲಗಿವೆ. ಏಳು ವರ್ಷದಲ್ಲಿ ಒಂದೂ ಎದ್ದು ಬಂದಿಲ್ಲ.

“ಹಾಗಂತ ಪೂರ್ತಿ ಇದೆ ಅಂತ ಬರೀಬೇಕಾ?”

“ಏನೂ ಸಿಗದೇ ಇರೋದಕ್ಕಿಂತ ಇಪ್ಪತ್ತೆರಡು ಪುಟ ಸಿಕ್ಕಿದ್ರೆ ಓದೋರಿಗೆ ಒಳ್ಳೇದಲ್ವಾ? ಯೋಚ್ನೆ ಮಾಡು.”

ಯೋಚಿಸಿದೆ. ಅವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಅವಳು ಉತ್ತರ ಕೊಟ್ಟಿದಾಳೆ,” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ಹೀಗೇ ಕಳಿಸಿದ್ರೆ ಬಾಯಿ ಬಿಡದೆ ಜೈಲಿಗೆ ಹೋದೋಳು ಅಂತ ಓದ್ತಾರೆ. ಎಲ್ಲರೂ. ನನ್ನ ಹೆಸರು ಹಾಕಲ್ಲ.”

“ಹಾಕ್ಬೇಡ. ನಾನು ಹಾಕ್ತೀನಿ, ಎರಡನೇದು ಬರ್ನಿ ಹಾಕ್ತಾರೆ.”

“ಬರ್ನಿ ಹಾಕಲ್ಲ,” ಎಂದು ಆ ಕಡೆಯಿಂದ ಬರ್ನಿ ಕೂಗಿದರು. “ಇಪ್ಪತ್ತು ವರ್ಷ ಪತ್ರಿಕೆ ಮನೆಯಲ್ಲಿ ಸುಳ್ಳಿಗೆ ಮೊಳೆ ಜೋಡಿಸಿದೀನಪ್ಪ. ಆಗ ಅದರ ಕೆಳಗೆ ನನ್ನ ಹೆಸರಿರಲಿಲ್ಲ.”

ಕರ್ಟಿಸ್ ಹಣೆ ಒತ್ತಿಕೊಂಡರು. ಮೂಲ ಪ್ರತಿ ಇರುವುದು ಟೊಲೀಡೊದ ಹಾರ್ಟ್‌ವೆಲ್ ಗ್ರಂಥಾಲಯದಲ್ಲಿ, ಕಾರಿನಲ್ಲಿ ಒಂದು ಗಂಟೆಯ ದಾರಿ. ಒಂದು ಪತ್ರ ಬರೆದುಕೊಡಿ ಎಂದೆ. ಆಗುವುದಿಲ್ಲ ಎಂದರು. ಹಾರ್ಟ್‌ವೆಲ್‌ನವರು ತಮ್ಮ ಪುಸ್ತಕದಲ್ಲಿ ತಪ್ಪಿದೆ ಎಂದರೆ ಸಹಿಸುವವರಲ್ಲ, ಅವರ ಒಂಬೈನೂರು ಪುಸ್ತಕಗಳ ಫಿಲ್ಮ್ ನಮ್ಮ ಕೈಯಲ್ಲಿದೆ, ಸಿಟ್ಟಾದರೆ ಎಲ್ಲವನ್ನೂ ವಾಪಸ್ ಕೇಳುತ್ತಾರೆ.

“ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಹೋಗುತ್ತೆ. ಅಷ್ಟರೊಳಗೆ ಆ ಎರಡು ಪುಟದಲ್ಲಿ ಏನಿದೆ ಅಂತ ಹೇಳಿ, ಸೇರಿಸ್ತೀನಿ. ನನ್ನ ಲೇಖನ ಹಾಳಾದ್ರೂ ಸರಿ, ಸೇರಿಸ್ತೀನಿ. ಇಲ್ದಿದ್ರೆ ಹೇಗಿದೆಯೋ ಹಾಗೆ ಹೋಗುತ್ತೆ. ಎರಡನೇ ಹೆಸರಿಗೆ ಬೇರೆ ಯಾರನ್ನಾದ್ರೂ ಹಿಡೀತೀನಿ.”

ಗುರುವಾರವಿಡೀ ನಾನು ಹಾರ್ಟ್‌ವೆಲ್‌ಗೆ ಫೋನ್ ಮಾಡಿದೆ. ಐದು ಸಲ. ಪ್ರತಿ ಸಲವೂ ಅರ್ಜಿ ಕಳುಹಿಸಿ, ನಾಲ್ಕು ತಿಂಗಳು ಹಿಡಿಯುತ್ತದೆ ಎಂದು ಒಂದೇ ದನಿ ಹೇಳಿತು.

ಶುಕ್ರವಾರ ಬೆಳಿಗ್ಗೆ ಬರ್ನಿ ತಮ್ಮ ತುಕ್ಕು ಹಿಡಿದ ಬ್ಯೂಕ್ ಕಾರು ತಂದರು. ದಾರಿಯಲ್ಲಿ ಮೆಕ್ಕೆಜೋಳದ ಬ್ರೆಡ್ಡಿನ ತುಂಡು ಕೊಟ್ಟು, “ತಿನ್ನು. ಖಾಲಿ ಹೊಟ್ಟೇಲಿ ಜಗಳ ಆಡಿದ್ರೆ ದನಿ ನಡುಗುತ್ತೆ,” ಎಂದರು.

“ನಾನು ಜಗಳ ಆಡಲ್ಲ. ಕೇಳ್ತೀನಿ ಅಷ್ಟೇ.”

“ಅದನ್ನೇ ಅವರು ಜಗಳ ಅಂತಾರೆ ಕೂಸೇ.”

ಹಾರ್ಟ್‌ವೆಲ್‌ನ ಓದುವ ಕೋಣೆಯಲ್ಲಿ ನೆಲಕ್ಕೂ ಮೇಣದ ವಾಸನೆ. ಪೆನ್ನು, ಚೀಲ ಹೊರಗಿಟ್ಟು ಕೈ ತೊಳೆದು ಒಳಗೆ ಹೋದೆವು. ಐದು ಜನ ಓದುತ್ತ ಕೂತಿದ್ದರು. ಬೂದುಬಣ್ಣದ ಸ್ವೆಟರು ತೊಟ್ಟ ಹೆಂಗಸು ಮೇಜಿನ ಹಿಂದೆ ಇದ್ದರು. ಎದೆಯ ಮೇಲಿನ ಪಟ್ಟಿಯಲ್ಲಿ ಎಲ್ಡ್ರಿಡ್ಜ್ ಎಂದಿತ್ತು. ಬಾಯಿ ತೆರೆದ ಕೂಡಲೇ ಗೊತ್ತಾಯಿತು, ಫೋನಿನ ದನಿ ಇವರದೇ.

“ಯಾವ ವಿಶ್ವವಿದ್ಯಾಲಯದವರಮ್ಮ ನೀವು?”

“ಯಾವುದೂ ಇಲ್ಲ.”

“ಎಷ್ಟರವರೆಗೆ ಓದಿದೀರಿ? ಇಲ್ಲಿ ತುಂಬಬೇಕು.”

“ಹತ್ತನೇ ಕ್ಲಾಸು. ಅದೂ ಅರ್ಧ.”

“ಮಿಕ್ಕಿದ್ದರ್ಧ ನಂದು ಅಂತ ಬರ್ಕೊಳಿ,” ಎಂದರು ಬರ್ನಿ. ಓದುತ್ತಿದ್ದವರಲ್ಲಿ ಒಬ್ಬರು ತಲೆಯೆತ್ತಿದರು.

ಎಲ್ಡ್ರಿಡ್ಜ್ ನಗಲಿಲ್ಲ, ಬಯ್ಯಲೂ ಇಲ್ಲ. “ನನ್ನ ಕೈಲಿಲ್ಲ. ನಿಯಮ ನಾನು ಮಾಡಿದ್ದಲ್ಲ. ನೀವು ಕೇಳ್ತಿರೋ ಪುಸ್ತಕ ಹೇಗೂ ಈಗ ಹೊರಗೆ ತೆಗೆಯೋ ಹಾಗಿಲ್ಲ. ಪ್ರದರ್ಶನಕ್ಕಿಟ್ಟಿದೀವಿ. ಬೇಕಾದ್ರೆ ಗಾಜಿನ ಮೇಲಿಂದ ನೋಡಿ.”

ಕೋಣೆಯ ನಡುವೆಯೇ ಗಾಜಿನ ಪೆಟ್ಟಿಗೆ ಇತ್ತು. ಅದರೊಳಗೆ ನನ್ನ ಅಂಗೈಯಷ್ಟಿದ್ದ ಪುಸ್ತಕ, ಮೊದಲ ಪುಟಕ್ಕೆ ತೆರೆದು ಮಲಗಿತ್ತು. ಮೂರು ದಿನದಿಂದ ಪರದೆಯ ಮೇಲೆ ನೋಡಿದ್ದ ಅದೇ ಕಲೆ, ಮೂಲೆಯ ಅದೇ ಹರಕು, ಆದರೆ ಕಂದು ಬಣ್ಣದಲ್ಲಿ. ಕೆಳಗೆ ದಪ್ಪ ಕಾಗದದ ಚೀಟಿ: “ಜೋನ್ ಪಾಸ್ಕ್‌ಳ ವಿಚಾರಣೆ, ೧೬೫೧. ಕೊನೆಯ ಪ್ರಶ್ನೆಗೆ ಅವಳು ಮೌನವನ್ನೇ ಉತ್ತರವಾಗಿ ಕೊಟ್ಟಳು.”

ಕರ್ಟಿಸ್ ಲೇಖನದ ಸಾಲು. ಪುಸ್ತಕ ಇಲ್ಲೇ ಇತ್ತು. ಇಡೀ ಪುಸ್ತಕ, ಹದಿನಾರನೇ ಪುಟವೂ ಹದಿನೇಳನೇ ಪುಟವೂ ಅದರ ಹೊಟ್ಟೆಯೊಳಗೆ ಇದ್ದವು. ಅದನ್ನು ಎತ್ತಿ ಗಾಜಿನಲ್ಲಿಟ್ಟವರೇ ಒಂದು ಸಲ ಮಗುಚಿ ನೋಡದೆ, ಫಿಲ್ಮ್ ಓದಿದವರ ಮಾತು ನಂಬಿ ಈ ಚೀಟಿ ಬರೆದಿದ್ದರು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಬರ್ನಿ ನನ್ನ ಬೆನ್ನಿನ ಹಿಂದೆ ನಿಂತಿದ್ದರು.

“ಈ ಚೀಟಿ ತಪ್ಪು,” ಎಂದೆ.

“ಮೆಲ್ಲಗೆ ಮಾತಾಡಿ,” ಎಂದರು ಎಲ್ಡ್ರಿಡ್ಜ್.

ಹುಟ್ಟಿದಾಗಿನಿಂದ ನಾನು ಮೆಲ್ಲಗೇ ಮಾತಾಡಿದವಳು. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೂ ನಿಲ್ಲಿಸಿ ಎನ್ನಲಾಗದೆ ಮುಂದಿನದರಲ್ಲಿ ಇಳಿದು ನಡೆದು ಬಂದವಳು. ಶಾಲೆ ಬಿಟ್ಟ ದಿನ ಯಾಕೆ ಎಂದು ಕೇಳಿದ ಮೇಷ್ಟ್ರಿಗೂ ಉತ್ತರ ಕೊಟ್ಟಿರಲಿಲ್ಲ. ಅದು ನನ್ನ ಮೌನ, ಇಟ್ಟುಕೊಂಡರೂ ಬಿಟ್ಟರೂ ನನ್ನದು. ಈ ಹೆಂಗಸಿಗೆ ಅದನ್ನು ಯಾರೋ ಹಾಳೆ ಮಗುಚುವ ಅವಸರದಲ್ಲಿ ಹೊರಿಸಿದ್ದರು.

“ಮೆಲ್ಲಗೆ ಹೇಳಿದ್ದು ಆಯ್ತು, ಮೇಡಂ. ನಿನ್ನೆ ಐದು ಸಲ ಹೇಳಿದೀನಿ,” ಎಂದೆ. ಗಟ್ಟಿಯಾಗಿಯೇ ಎಂದೆ. ಐವರೂ ತಲೆಯೆತ್ತಿದರು. “ಇವಳು ಇಡೀ ಪುಸ್ತಕದಲ್ಲಿ ಹತ್ತೊಂಬತ್ತು ಪ್ರಶ್ನೆಗೆ ಉತ್ತರ ಕೊಟ್ಟಿದಾಳೆ. ಹತ್ತೊಂಬತ್ತೂ ನನಗೆ ಬಾಯಿಪಾಠ. ಇಪ್ಪತ್ತನೇದು ಇದು: ಓದಲು ನಿನಗೆ ಅಪ್ಪಣೆ ಕೊಟ್ಟವರು ಯಾರು? ಅದರ ಉತ್ತರ ‘ನನಗೆ’ ಅಂತ ಶುರುವಾಗುತ್ತೆ. ಅಷ್ಟೇ ನಮಗೆ ಗೊತ್ತಿರೋದು. ಮಿಕ್ಕಿದ್ದು ಈ ಗಾಜಿನೊಳಗಿದೆ. ಇನ್ನೊಂದು ಗಂಟೆಯಲ್ಲಿ ಇವಳು ಸುಮ್ಮನಿದ್ದಳು ಅಂತ ಲೋಕಕ್ಕೆಲ್ಲ ಹೋಗುತ್ತೆ.”

ಎಲ್ಡ್ರಿಡ್ಜ್ ಎದ್ದು ನಿಂತಿದ್ದರು. ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದ ಗೊಂಚಲಿನಲ್ಲೇ ಇತ್ತು, ಸಣ್ಣದು, ಹಿತ್ತಾಳೆಯದು. ಅವರ ಕೈ ಅದರ ಮೇಲೆ ಹೋಗಿ ಅಲ್ಲೇ ನಿಂತಿತು.

ನಾನು ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು ಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ, ಎಲ್ಲರಿಗೂ ಕಾಣುವಂತೆ.

“ನಾನು ಮುಟ್ಟಲ್ಲ. ನೀವೇ ತೆಗೀರಿ, ನಿಮ್ಮ ಕೈಯಲ್ಲೇ ಇರಲಿ. ಹದಿನಾರನೇ ಪುಟ ಯಾರಾದ್ರೂ ಒಬ್ರು ಗಟ್ಟಿಯಾಗಿ ಓದಿ.”